ಬಾಳಗೊಂಡ ಕಾಕಾ ಕೇಳಿ ಪಡೆದ ಮೂಲೆ

ಮೊನ್ನೆ ಯಾರೋ ಉಡುಗೊರೆ ಕೊಟ್ಟ ಧೋತರದ ಮಡಿಕೆ ಬಿಚ್ಚಿದೆ. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಆಗ ನನಗೆ ನೆನಪಾದದ್ದು ಹಬ್ಬವಲ್ಲ, ಮದುವೆಯಲ್ಲ. ಮಿರಜ ಪೇಟೆಯ ಒಂದು ಶೌಚಾಲಯ. ನೀವು ನಗಬಹುದು. ಸ್ವಲ್ಪ ತಡೆಯಿರಿ.

ಆ ಶೌಚಾಲಯದ ಬೆನ್ನಿಗೇ ಬಾಳಗೊಂಡ ಕಾಕಾ ಅವರ ಜವಳಿ ಅಂಗಡಿ. ನಾನಾಗ ಪಕ್ಕದ ಸಾಂಗ್ಲಿಯಲ್ಲಿ ವರದಿಗಾರ. ಮಿರಜ ಮುನಸಿಪಾಲ್ಟಿಯ ಸುದ್ದಿ ನನ್ನ ಪಾಲಿಗೆ ಬಂದಿತ್ತು, ಅದರ ಜೊತೆಗೆ ಕಾಕಾ ಕೂಡ. ಬೀದಿದೀಪ ಆರಿದರೆ, ಗಟಾರ ತುಂಬಿದರೆ ಅವರು ಅಂಗಡಿಯನ್ನು ಒಡಹುಟ್ಟಿದ ತಮ್ಮ ಭರಮುವಿಗೆ ಬಿಟ್ಟು, ಬಿಳಿ ಟೋಪಿ ಸರಿಮಾಡಿಕೊಂಡು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಒಮ್ಮೆ ನಳದ ಕೆಂಪು ನೀರನ್ನು ಬಾಟಲಿಯಲ್ಲಿ ತಂದು ಅಧಿಕಾರಿಯ ಮೇಜಿನ ಮೇಲಿಟ್ಟು, "ಮೊದಲ ನೀವ ಒಂದ ಗುಟುಕು ತಗೋರಿ ಸಾಹೇಬ್ರ" ಎಂದಿದ್ದರು.

ಮದುವೆಯ ಜವಳಿ ಖರೀದಿಗೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಎರಡೂ ಮನೆಯವರು ಟೆಂಪೊ ತುಂಬಿಕೊಂಡು ಬಂದರೆ ಬೆಳಗಿನಿಂದ ಸಂಜೆತನಕ ಅಂಗಡಿಯ ಬಿಳಿ ಗಾದಿಯ ಮೇಲೆಯೇ. ಅವರಿಗೆ ಚಹ ಕೊಡುವುದು ಅಂಗಡಿಯವರ ಮರ್ಯಾದೆ. ಗಂಡಸರು ಕುಡಿಯುತ್ತಿದ್ದರು, ಹೆಂಗಸರು ಮಾತ್ರ ಒಲ್ಲೆ ಎನ್ನುತ್ತಿದ್ದರು. ಕಾಕಾಗೆ ಅದೊಂದು ಚಿಂತೆ. ಹಾಲು ಬದಲಿಸಿದರು, ಕಪ್ಪು ಬದಲಿಸಿದರು, ಏಲಕ್ಕಿ ಹಾಕಿಸಿದರು. ನನಗೂ ಕುಡಿಸಿ ಅಭಿಪ್ರಾಯ ಕೇಳಿದರು. ಪುಕ್ಕಟೆ ಚಹವನ್ನು ಹಳಿಯುವ ಪತ್ರಕರ್ತನನ್ನು ನೀವು ಕಂಡಿದ್ದೀರಾ?

ಕೊನೆಗೆ ಮೊಮ್ಮಗಳ ಬಸ್ತಾಕ್ಕೆ ಬಂದಿದ್ದ ಕವಲಾಪುರದ ಅಜ್ಜಿಯೊಬ್ಬರನ್ನೇ ಕೇಳಿದರು: "ಆಯಿ, ನನ್ನ ಚಾದಾಗ ಏನ ತಪ್ಪೈತಿ, ಹೇಳಿಬಿಡ್ರಿ."

"ಚಾ ಚಲೋನ ಐತೋ ತಮ್ಮಾ. ಕುಡದ ಮ್ಯಾಲ ಎಲ್ಲಿಗಿ ಹೋಗೂಣು? ನಿನ್ನ ಗಾದಿ ಮ್ಯಾಲ ಕುಂದ್ರೂಣೇನು?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಕಾಕಾ ನಗಲಿಲ್ಲ. ಅಷ್ಟು ದೊಡ್ಡ ಪೇಟೆಯಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯವೂ ಇರಲಿಲ್ಲ.

ಕಾಕಾ ಅರ್ಜಿ ಹಿಡಿದು ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದರು. ಮುನಸಿಪಾಲ್ಟಿ ಕಟ್ಟಲು ಒಪ್ಪಿ, ಜಾಗ ತೋರಿಸಿ ಎಂದಿತು. ವ್ಯಾಪಾರಿಗಳ ಸಭೆ ಸೇರಿತು. ಎಲ್ಲರೂ ಬೇಕೆಂದರು, ಎಲ್ಲರೂ ಪಕ್ಕದವರ ಬಾಗಿಲು ತೋರಿಸಿದರು. ಪಾತ್ರೆ ಅಂಗಡಿಯವರೊಬ್ಬರು ಎದ್ದು ನಿಂತು "ಪಾಹಿಜೆ, ಪಣ ಮಾಝ್ಯಾ ದಾರಾತ ನಕೋ" ಎಂದರು: ಬೇಕು, ಆದರೆ ನನ್ನ ಬಾಗಿಲಲ್ಲಿ ಬೇಡ. ಬೇಡಿಕೆಗೆ ಸರ್ವಾನುಮತದ ಬೆಂಬಲ ಎಂದು ನಾನು ವರದಿ ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುವಾರ ಕಾಕಾ ತಮ್ಮ ಅಂಗಡಿಯ ಮೂಲೆಯನ್ನೇ ತೋರಿಸಿದರು. ಅದು ರಸ್ತೆಗೆ ತಾಗಿದ ಮೂಲೆ. ಸಾಂಗ್ಲಿಯಲ್ಲಿ ಒಂದರ ಹಿಂದೊಂದು ರೆಡಿಮೇಡ್ ಶೋರೂಮ್ ಏಳುತ್ತಿದ್ದ ಕಾಲ. ಆ ಮೂಲೆಗೆ ಗಾಜು ಹಾಕಿಸಿ ಗೊಂಬೆಗಳಿಗೆ ಸೀರೆ ಉಡಿಸಿ ನಿಲ್ಲಿಸಬೇಕೆಂದು ಭರಮು ಕನಸು ಕಂಡಿದ್ದ. ನನ್ನೆದುರಿಗೇ ಅವನು ಅಣ್ಣನ ಜೊತೆ ಜಗಳಕ್ಕೆ ನಿಂತ.

"ದಾದಾ, ಲಗ್ನದ ಸೀರಿ ತಗೊಳ್ಳಾಕ ಬಂದವ್ರು ಮೂಗ ಮುಚಕೊಂಡ ಬರಬೇಕೇನ? ಲಕ್ಷ್ಮಿ ಬರೂ ಬಾಗಲದಾಗ ಸಂಡಾಸ ಕಟ್ಟತಿ?"

"ಲಕ್ಷ್ಮಿನೂ ಹೆಣ್ಣಮಗಳ ಅದಾಳಲೋ ಭರಮು."

"ಹಂಗಾದ್ರ ಪಾಲ ಹಂಚಿಬಿಡು."

"ಆತು. ನನಗ ಆ ಮೂಲಿ ಹಾಕು."

ಹಿರಿಯನಿಗೆ ಮೊದಲು ಆರಿಸಿಕೊಳ್ಳುವ ಹಕ್ಕಿತ್ತು. ಕಾಕಾ ಮೂಲೆಯನ್ನೂ ಅದರ ಹಿಂದಿನ ಇಕ್ಕಟ್ಟು ಕೋಣೆಯನ್ನೂ ತೆಗೆದುಕೊಂಡರು. ದೊಡ್ಡ ಅಂಗಡಿ ಭರಮುವಿಗೆ ಹೋಯಿತು. ನಡುವೆ ಗೋಡೆ ಎದ್ದಿತು, ಅಣ್ಣತಮ್ಮಂದಿರ ಮಾತು ನಿಂತಿತು. "ಊರ ಸುಧಾರಸಾಕ ಹೋಗಿ ಅಂಗಡಿ ಕ್ವಾಳಿಗೂಡ ಮಾಡ್ಕೊಂಡ್ರಿ" ಎಂದು ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ಹಂಗಿಸಿದರು. ಆಮೇಲೆ ಫಿನೈಲ್ ತಂದಿಟ್ಟವರೂ ಅವರೇ.

ಮುನಸಿಪಾಲ್ಟಿ ಆ ಮೂಲೆಯಲ್ಲಿ ಶೌಚಾಲಯ ಕಟ್ಟಿಕೊಟ್ಟಿತು, ತೊಳೆಯುವವರನ್ನು ಕಳಿಸುವುದನ್ನು ಮರೆಯಿತು. ಕಾಕಾ ಅರ್ಜಿ ಕೊಡುವುದನ್ನು ಬಿಡಲಿಲ್ಲ, ಬಕೆಟ್ಟನ್ನೂ ಕೆಳಗಿಡಲಿಲ್ಲ. ದಿನಾ ಬೆಳಿಗ್ಗೆ ಧೋತರ ಮೇಲೆತ್ತಿ ಕಟ್ಟಿ ತಾವೇ ತೊಳೆದು, ಮನೆಗೆ ಹೋಗಿ ಸ್ನಾನ ಮಾಡಿ ಬಂದು ಅಂಗಡಿ ತೆರೆಯುತ್ತಿದ್ದರು. ಬಸ್ತಾದ ಗಿರಾಕಿಗಳು ಅವರಿಗೆ ಮತ್ತೆ ಸಿಗಲಿಲ್ಲ. ಲಂಗದ ಬಟ್ಟೆ, ದಿನಬಳಕೆಯ ಸೀರೆ ಮಾರಿಕೊಂಡು ಕುಳಿತರು. ಭರಮುವಿನ ಗಾಜಿನಂಗಡಿಯಲ್ಲಿ ಸೀರೆ ಆರಿಸುವ ಹೆಂಗಸರೂ ನಡುವೆ ಎದ್ದು ಹೋಗುತ್ತಿದ್ದದ್ದು ಅಣ್ಣನ ಮೂಲೆಗೇ. ಇದನ್ನು ಇಬ್ಬರೂ ಕಂಡರು, ಇಬ್ಬರೂ ಆಡಲಿಲ್ಲ.

ಕಾಕಾ ಹೋದ ವರ್ಷ ತೀರಿಕೊಂಡರು. ಬಾಗಿಲಿಗೆ ಈಗ ಬೀಗ ಬಿದ್ದಿರಬೇಕು ಎಂದುಕೊಂಡು, ಧೋತರವನ್ನು ಅಲ್ಲೇ ಬಿಟ್ಟು ಮಿರಜದ ಬಸ್ಸು ಹತ್ತಿದೆ.

ಬೀಗ ಇರಲಿಲ್ಲ. ಪ್ಯಾಂಟು ಮಡಚಿಕೊಂಡು ಭರಮು ನೆಲ ಉಜ್ಜುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನೀವು ಅಣ್ಣನ ಜೊತೆ ಮಾತು ಬಿಟ್ಟಿದ್ದಿರಲ್ಲ?" ಎಂದೆ.

"ಮಾತ ಬಿಟ್ಟಿದ್ನಿ. ದಾದಾನ್ನ ಬಿಟ್ಟಿದ್ನೇನ್ರಿ?" ಉಜ್ಜುವುದನ್ನು ನಿಲ್ಲಿಸದೆ ಹೇಳಿದ, "ನೀವ ಪೇಪರನವ್ರು ಬರೂದು, ನೋಡೂದು, ಬರಕೊಂಡ ಹೋಗೂದು. ಮಂದಿ ಬರೂ ಹೊತ್ತಾತು. ಆ ಬಕೀಟ ಇತ್ತಾಗ ತರ್ರಿ."

ಬಕೆಟ್ಟು ತಂದುಕೊಟ್ಟೆ. ಈಗ ತೊಳೆಯುವುದರಲ್ಲಿ ಸೋಮವಾರದ ಪಾಳಿ ನನ್ನದು.