ಅಸ್ತರಿನ ಬಣ್ಣ

ಬಟ್ಟೆ ಅಂಗಡಿಯಲ್ಲಿ ನಿಂತು ನಿಂತೇ ತಲೆ ನರೆಸಿಕೊಂಡ ಆತನಿಗೆ ಹೆಂಡತಿಯ ತವರಿನವರೆಲ್ಲ ಸೇರಿ ಇಟ್ಟ ಹೆಸರು ಬಣ್ಣದ ಭಾವ. ಅದರಲ್ಲಿ ಗೌರವವೆಷ್ಟು, ಕುಚೋದ್ಯವೆಷ್ಟು ಎಂದು ಆತ ತೂಗಿ ನೋಡಿದವನಲ್ಲ. ಇಡಿಯಾಗಿ ಗೌರವವೆಂದೇ ಸ್ವೀಕರಿಸಿದ್ದ. ಪರದೆ, ಸೋಫಾ ಹೊದಿಕೆ, ಹಾಸುಬಟ್ಟೆಗಳ ಆ ಅಂಗಡಿಯಲ್ಲಿ ಅವನ ಮಾತಿಗೆ ಮಣಿಯದ ಗಿರಾಕಿ ಅಪರೂಪ. ಅಂಗಡಿಯ ದೀಪದಲ್ಲಿ ಕಂಡ ಬಣ್ಣವನ್ನು ನಂಬಬಾರದು, ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಬೇಕು ಎಂಬುದು ಅವನ ಮೊದಲ ಪಾಠ. ಮಾರಬೇಕೆಂದಿರುವ ಬಟ್ಟೆಯನ್ನು ಕಡೆಗೆ ಬಿಚ್ಚಿ, ಗಿರಾಕಿಯ ಕೈ ತಾಗುವ ಮುನ್ನವೇ "ಬೇಡ ಬಿಡಿ, ಇದು ಎಲ್ಲರಿಗೂ ಹಿಡಿಸೋದಲ್ಲ" ಎಂದು ಮಡಚತೊಡಗುವುದು ಅವನ ಕೊನೆಯ ಅಸ್ತ್ರ.

ಈಗ ಮಾರಬೇಕಾಗಿ ಬಂದದ್ದು ಬಟ್ಟೆಯಲ್ಲ, ಮನೆ. ಹೆಂಡತಿಯ ಮಂಡಿ ಮೆಟ್ಟಿಲಿನ ಮೇಲೆ ಮುನಿಸಿಕೊಂಡಿತ್ತು. ಅಡುಗೆಮನೆ ಕೆಳಗೆ, ಮಲಗುವ ಕೋಣೆ ಮೇಲೆ. ನಡುವಿನ ಕಡಿದಾದ ಮೆಟ್ಟಿಲುಗಳನ್ನು ಆಕೆ ಮಗುವಿನಂತೆ ಕುಳಿತು ಕುಳಿತು ಇಳಿಯುತ್ತಿದ್ದಳು. ಯಾರಾದರೂ ಕಂಡರೆ ಕೈಯಲ್ಲಿದ್ದ ಬಟ್ಟೆಯಿಂದ ಮೆಟ್ಟಿಲು ಒರೆಸುವವಳಂತೆ ನಟಿಸುತ್ತಿದ್ದಳು. ಹಿಂದಿನ ಬೀದಿಯಲ್ಲಿ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅದರ ಒಡೆಯ ಖಂಡಿತವಾಗಿ ಹೇಳಿದ್ದ. ಅಷ್ಟರೊಳಗೆ ಇದು ಮಾರಿಹೋಗಬೇಕು.

ಮನೆ ಮಾರಿಸುವ ದಲ್ಲಾಳಿ ಕೆಲಸ ಹೆಂಡತಿಯ ತಮ್ಮನದೇ. ಅವನು ಹಜಾರದ ನಡುವೆ ನಿಂತು ಸುತ್ತಲೂ ನೋಡಿದ.

"ಒಳಗಡೆ ಪೂರ್ತಿ ಆಫ್‌ವೈಟ್ ಹೊಡೆಸಿಬಿಡಿ ಭಾವ. ನೋಡೋಕೆ ಬಂದೋರು ತಮ್ಮ ಸಾಮಾನು ಎಲ್ಲಿಡೋದು ಅಂತ ಯೋಚಿಸ್ಬೇಕು, ನಿಮ್ಮ ಗೋಡೆ ನೋಡ್ತಾ ನಿಲ್ಲಬಾರದು."

"ಆಫ್‌ವೈಟೂ ಒಂದು ಬಣ್ಣಾನೇನೋ? ಅದು ಅಸ್ತರು. ಒಳಗೆ ಹೊಲಿದು ಮುಚ್ಚಿಡೋ ಬಟ್ಟೆ. ಅದನ್ನೇ ಮೇಲೆ ಹಾಕ್ಕೊಂಡು ಯಾರಾದ್ರೂ ಬೀದಿಗೆ ಬರ್ತಾರಾ?"

"ಅಕ್ಕಾ, ನೀನಾದ್ರೂ ಹೇಳು."

"ನಾನೇನಪ್ಪ ಹೇಳ್ಲಿ? ಮದುವೆಗೆ ಮುಂಚೆ ನನ್ನನ್ನೂ ಬಾಗಿಲ ಬೆಳಕಿಗೆ ಕರೆದು ನೋಡಿದ ಮಹಾನುಭಾವರು ಇವರು."

ಪೇಂಟ್ ಅಂಗಡಿಯಿಂದ ಪುಟ್ಟ ಪುಟ್ಟ ಡಬ್ಬಿಗಳು ಬಂದವು. ಭಾವ ಹಲಗೆಯ ತುಂಡುಗಳಿಗೆ ಬಣ್ಣ ಬಳಿದು, ಒಂದೊಂದನ್ನೇ ಬೀದಿಗೆ ಹೊತ್ತು ತಂದು, ತೋಳಿನ ಮೇಲೆ ಬಟ್ಟೆ ಇಳಿಬಿಟ್ಟವನಂತೆ ಓರೆಯಾಗಿ ಹಿಡಿದು ನೋಡಿದ.

"ಏನಣ್ಣ, ಹಲಗೆ ವ್ಯಾಪಾರಕ್ಕೆ ಇಳಿದ್ರಾ?" ಎಂದು ಎದುರು ಮನೆಯ ಡ್ರೈವರ್ ಕೇಳಿದ. ಕಲೆಯ ಕೆಲಸದಲ್ಲಿ ಇಂಥವರಿಗೆಲ್ಲ ಉತ್ತರ ಕೊಡಬಾರದೆಂದು ಭಾವ ಮುಂದಿನ ಹಲಗೆ ಎತ್ತಿಕೊಂಡ. ಕೊನೆಗೆ ಎಳೆಯ ಪಿಸ್ತಾ ಹಸಿರು ಗೆದ್ದಿತು. ಬಿಸಿಲಿನಲ್ಲಿ ಅದು ನಿಜಕ್ಕೂ ಚೆಂದವಿತ್ತು. ಅಷ್ಟರ ಮಟ್ಟಿಗೆ ಅವನನ್ನು ಒಪ್ಪಲೇಬೇಕು.

ಆದರೆ ಗೋಡೆಯನ್ನು ಬೀದಿಗೆ ಹೊತ್ತು ತರಲು ಬರುವುದಿಲ್ಲವೆಂಬ ಸಣ್ಣ ಸಂಗತಿ, ಬಟ್ಟೆಯಲ್ಲೇ ಬದುಕು ಸವೆಸಿದವನಿಗೆ ಹೊಳೆಯಲಿಲ್ಲ. ಹಜಾರಕ್ಕಿದ್ದದ್ದು ಒಂದೇ ಕಿಟಕಿ. ಅದರೆದುರು, ಕೈ ಚಾಚಿದರೆ ಮುಟ್ಟುವಂತೆ, ಪಕ್ಕದ ಮನೆಯ ಇಟ್ಟಿಗೆ ಗೋಡೆ. ಆ ಕೆಂಪಿಗೆ ಬಡಿದು ಒಳಬಂದ ಬೆಳಕಿನಲ್ಲಿ ಪಿಸ್ತಾ ಹಸಿರು ಕಾಮಾಲೆ ಹಿಡಿದವನ ಕಣ್ಣಿನ ಬಣ್ಣಕ್ಕೆ ತಿರುಗಿತು. ಬಣ್ಣ ಒಣಗಿದರೆ ಸರಿಹೋಗುತ್ತದೆ ಎಂದ ಭಾವ. ಒಣಗಿತು, ಸರಿಹೋಗಲಿಲ್ಲ.

ಭಾನುವಾರ ಮೈದುನ ಕರೆತಂದ ದಂಪತಿಗಳಲ್ಲಿ ಹೆಂಗಸು ಒಳಗೆ ಕಾಲಿಟ್ಟವಳೇ ಮನೆಯಾಕೆಯನ್ನು ದಿಟ್ಟಿಸಿ ನೋಡಿದಳು.

"ಹುಷಾರಿಲ್ವಾ ನಿಮಗೆ?"

"ಮಂಡಿ ಬಿಟ್ರೆ ಎಲ್ಲಾ ಚೆನ್ನಾಗಿದೆ."

ಆಕೆ ತನ್ನ ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಮುಖಾನೂ ಯಾಕೋ ಸೊರಗಿದೆ. ನಡೀರಿ, ಇನ್ನೊಂದಿನ ಬರೋಣ."

ಇನ್ನೊಂದು ದಿನ ಅವರು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. "ಅವರಿಗೆ ಬಣ್ಣದ ಗಂಧಗಾಳಿ ಇಲ್ಲ" ಎಂದು ಭಾವ ಸಂಜೆಯಾದರೂ ಗೊಣಗುತ್ತಿದ್ದಾಗಲೇ ಹೆಂಡತಿ ಮೇಲಿನಿಂದ ಕುಳಿತು ಕುಳಿತು ಇಳಿದು ಬಂದಳು. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೂ ಈ ಸಲ ಮೆಟ್ಟಿಲು ಒರೆಸುವ ನಟನೆ ಮಾಡಲಿಲ್ಲ. ಗೊಣಗಾಟ ಅಲ್ಲಿಗೇ ನಿಂತಿತು. ಬೇರೆ ಬಣ್ಣ ನೋಡೋಣವೆನ್ನಲು ಮಾತ್ರ ಅಭಿಮಾನ ಬಿಡಲಿಲ್ಲ.

ಮರುದಿನ ಆಕೆ ಗಂಡನನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿ, ಕಪಾಟಿನಿಂದ ಮೂರು ಬಟ್ಟೆ ತಂದಳು. ಮೊದಲನೆಯದು ಕಂದು ಹೊದಿಕೆ. ಗೋಡೆಗೆ ಹಿಡಿದಳು.

"ಗವಿ ಮಾಡ್ತೀಯೇನು?" ಎಂದ ಭಾವ.

ಎರಡನೆಯದು ತಿಳಿನೀಲಿ ಪರದೆ. ಆ ಬೆಳಕಿನಲ್ಲಿ ಅದು ಬೂದಿಯಾಯಿತು.

"ತೆಗಿ, ತೆಗಿ. ಆಸ್ಪತ್ರೆ."

ಮೂರನೆಯದನ್ನು ಅರ್ಧ ಬಿಚ್ಚಿದ ಆಕೆ ಏನೋ ನೆನಪಾದವಳಂತೆ ತಡೆದು, ಮಡಚತೊಡಗಿದಳು. "ಬೇಡ ಬಿಡಿ. ಇದು ಎಲ್ಲರಿಗೂ ಹಿಡಿಸೋದಲ್ಲ."

"ಇವಳೇ, ತಾಳು. ಬಿಚ್ಚು ಅದನ್ನ."

"ನಿಮಗ್ಯಾಕೆ ಸುಮ್ನೆ ತೊಂದರೆ."

"ಬಿಚ್ಚು ಅಂದ್ನಲ್ಲ."

ಬಟ್ಟೆ ಗೋಡೆಯ ಮೇಲೆ ಹರಡಿತು. ಇಟ್ಟಿಗೆಯ ಕೆಂಪು ಅದರ ಮೇಲೆ ಬೆಚ್ಚಗೆ ಕುಳಿತಿತು. ಪಕ್ಕದಲ್ಲಿದ್ದ ಹೆಂಡತಿಯ ಮುಖಕ್ಕೆ ಕಳೆ ಬಂದಿತು.

"ಇದೇ ನೋಡು ಬಣ್ಣ ಅಂದ್ರೆ. ಬಾಗಿಲಿಗೆ ಒಯ್ಯೋದೂ ಬೇಡ. ನಮ್ಮ ಅಂಗಡೀದೇ ಇರಬೇಕು. ಯಾವ ಥಾನಿಂದು?" ಎನ್ನುತ್ತ ಎದ್ದು ಬಂದು ಅಂಚನ್ನು ಬೆರಳುಗಳ ನಡುವೆ ಹೊಸಕಿದ. ಬೆರಳು ನಿಂತಿತು. ಪರದೆ ಹೊಲಿಸಿ ಉಳಿದಿದ್ದ ಅಸ್ತರಿನ ತುಂಡು ಅದು.

ಆತ ಹೆಂಡತಿಯ ಕಡೆ ನೋಡಿದ. ಆಕೆಯ ಮುಖದಲ್ಲಿ ನಗುವಿನ ಸುಳಿವಿಲ್ಲ.

"ಪ್ಯಾಕ್ ಮಾಡ್ಲಾ ಸಾರ್?"

ಮುಂದಿನ ಭಾನುವಾರ ಮೈದುನ ಬೇರೊಂದು ದಂಪತಿಯನ್ನು ಕರೆತಂದ. ಆಫ್‌ವೈಟ್ ಆಗಿದ್ದ ಗೋಡೆ ಕಂಡು ಬಾಯಿ ತೆರೆದವನು ಅಕ್ಕನ ಒಂದು ನೋಟಕ್ಕೆ ಹಾಗೆಯೇ ಮುಚ್ಚಿದ. ಬಂದ ಹೆಂಗಸು ಮೆಟ್ಟಿಲನ್ನು ಹುಡುಗಿಯಂತೆ ಹತ್ತಿ ಇಳಿದಳು. ಬೀರು ಇಲ್ಲಿ, ಮೇಜು ಅಲ್ಲಿ ಎಂದು ಲೆಕ್ಕ ಹಾಕಿದಳು.

"ಚೆನ್ನಾಗಿದೆ. ಈ ಬಣ್ಣಕ್ಕೇನಂತಾರೆ?"

ಭಾವ ಗೋಡೆಯ ಕಡೆ ಒಮ್ಮೆ ನೋಡಿದ.

"ಅಸ್ತರು ಅಂತಾರೆ" ಎಂದ. ಅಷ್ಟಕ್ಕೇ ಬಿಟ್ಟರೆ ಅವನು ಬಣ್ಣದ ಭಾವ ಹೇಗಾದಾನು? "ಇರ್ಲಿ ಬಿಡಿ, ಈ ಮನೆ ಎಲ್ಲರಿಗೂ ಹಿಡಿಸೋದಲ್ಲ" ಎಂದು ಸೇರಿಸಿದ. ಮೈದುನನಿಗೆ ಕೆಮ್ಮು ಬಂದಿತು.

"ಯಾಕೆ ಹಿಡಿಸಲ್ಲ?" ಎಂದಳು ಆಕೆ, ಸ್ವಲ್ಪ ಬಿಗುವಾಗಿಯೇ. ಸಂಜೆಯೊಳಗೆ ಮಾತು ಮುಗಿಯಿತು.

ಹೊಸ ಮನೆಯಲ್ಲಿ ಒಂದು ಕೋಣೆಗೆ ಪಿಸ್ತಾ ಹಸಿರು ಬಳಿಯಲು ಭಾವನಿಗೆ ಅಪ್ಪಣೆ ಸಿಕ್ಕಿದೆ, ಹಲಗೆಯನ್ನು ಒಳಗಿಟ್ಟೇ ನೋಡಬೇಕೆಂಬ ಕರಾರಿನ ಮೇಲೆ. ಅವನು ಹಲಗೆಯನ್ನು ಗೋಡೆಗೆ ಒರಗಿಸಿ ತಲೆ ಓರೆ ಮಾಡಿ ನೋಡುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಮಲಗುವ ಕೋಣೆಗೆ ಹೋದಳು, ಬಂದಳು, ಮತ್ತೆ ಹೋದಳು. ಕೈಯಲ್ಲಿ ಏನೂ ಇರಲಿಲ್ಲ.

"ಏನು ಹುಡುಕ್ತಿದ್ದೀಯ?"

"ಏನಿಲ್ಲ, ಸುಮ್ನೆ" ಎಂದವಳು ಇನ್ನೊಮ್ಮೆ ಹೋಗಿ ಬಂದಳು.