ಒಂದೇ ಕಿವಿಯ ಹಾಡು

ಅಣ್ಣ ತೀರಿಕೊಂಡ ಮೇಲೆ ಹದಿನೈದು ಇಪ್ಪತ್ತು ದಿನ ನಾನು ಉಳಿ ಮುಟ್ಟಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಸಾಗರದಲ್ಲಿ ನಮ್ಮದು ಗಂಧದ ಕೆತ್ತನೆಯ ಮನೆ. ಮುಂದಿನ ಕೋಣೆಯಲ್ಲಿ ಅಣ್ಣ ಮತ್ತು ನಾನು ಒಟ್ಟಿಗೆ ಕೂತು ಹನ್ನೊಂದು ವರ್ಷ ಪೆಟ್ಟಿಗೆ, ಸಣ್ಣ ವಿಗ್ರಹ, ಬಾಗಿಲಿನ ಪಟ್ಟಿ ಕೆತ್ತಿದ್ದೆವು. ಅವನ ಮಣೆ ನನ್ನ ಎಡಕ್ಕೆ. ಕಿಟಕಿಯ ಕಟ್ಟೆಯ ಮೇಲೆ ಅವನ ಟ್ರಾನ್ಸಿಸ್ಟರ್ ಬೆಳಗಿನಿಂದ ಹಾಡುತ್ತಿತ್ತು.

ಮತ್ತೆ ಕೆಲಸಕ್ಕೆ ಕೂತ ದಿನ ಮರದ ಕೊಡತಿ ಎತ್ತಿ ಉಳಿಯ ಮೇಲೆ ಮೊದಲ ಏಟು ಹಾಕಿದಾಗ ಗೊತ್ತಾಯಿತು: ಆ ಕೋಣೆಯಲ್ಲಿ ಕೆಲಸದ ಹೊತ್ತಿನಲ್ಲಿ ಕೊಡತಿಯ ಸದ್ದು ಪೂರ್ತಿ ನಿಂತದ್ದೇ ಇರಲಿಲ್ಲ. ನಾನು ಉಳಿ ಮಸೆಯಲು ಎದ್ದರೆ ಅವನದು ನಡೆಯುತ್ತಿತ್ತು. ಅವನು ಬೀಡಿಗೆ ಎದ್ದರೆ ನನ್ನದು. ಈಗ ನಾನು ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತಿತ್ತು. ನಾಲ್ಕು ಏಟು ಹಾಕಿ ಎದ್ದು ಬೀದಿ ಸುತ್ತಲು ಹೋದೆ. ಮರುದಿನವೂ ಹಾಗೆಯೇ. ಒಂದು ಹೂವಿನ ಬಳ್ಳಿಯನ್ನು ಅರ್ಧಕ್ಕೆ ಬಿಟ್ಟು ವಾರ ಕಳೆದೆ.

ರೇಡಿಯೊ ಹಾಕುವಂತಿರಲಿಲ್ಲ. ವರ್ಷದ ಕಾರ್ಯ ಮುಗಿಯುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಸಿಹಿಯಿಲ್ಲ, ಹಾಡೂ ಇಲ್ಲ ಎಂದು ದೊಡ್ಡಮ್ಮ ಹೇಳಿ ಹೋಗಿದ್ದರು. ಅತ್ತಿಗೆ ತಲೆಯಾಡಿಸಿದ್ದರು. ಅವರು ನಡುಮನೆಯಲ್ಲಿ ಕೂತು ಗಂಧದ ಮರದ ತೆಳು ಹೆರೆಯ ಸುರುಳಿಗಳಿಂದ ಹಾರ ಕಟ್ಟುತ್ತಿದ್ದರು. ಅವರಿಗೂ ನನಗೂ ನಡುವೆ ಇದ್ದದ್ದು ಒಂದು ಬಾಗಿಲ ಪರದೆ ಮಾತ್ರ.

ರೇಡಿಯೊದ ತೊಗಲಿನ ಚೀಲದಲ್ಲಿ ಒಂದು ಇಯರ್‌ಫೋನ್ ಇತ್ತು. ಅಣ್ಣ ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಹಾಡು ಬೇಡ ಎಂದರೆ ಬೇರೆಯವರ ಕಿವಿಗೆ ಬೀಳಬಾರದು ಎಂದೇ ಅರ್ಥ ಎಂದು ನನಗೆ ನಾನೇ ತೀರ್ಮಾನ ಹೇಳಿಕೊಂಡು, ರೇಡಿಯೊವನ್ನು ಅಂಗಿಯ ಜೇಬಿಗಿಳಿಸಿ ಇಯರ್‌ಫೋನಿನ ಗುಂಡಿಯನ್ನು ಎಡಗಿವಿಗೆ ತುರುಕಿಕೊಂಡೆ.

ಅಲ್ಲಿಂದ ಶುರುವಾಯಿತು ಪೀಡೆ. ನಮ್ಮ ಕೆಲಸ ತಲೆ ಬಗ್ಗಿಸಿ ಮಾಡುವಂಥದ್ದು. ಬಗ್ಗಿದರೆ ಗುಂಡಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಎತ್ತಿ ಸಿಕ್ಕಿಸಿದರೆ ಗಂಧದ ಪುಡಿ ಕಿವಿಗೆ ಹೋಗಿ ತುರಿಕೆ. ಮೂರನೆಯ ವಾರ ತಂತಿ ಉಳಿಯ ಬಾಯಿಗೆ ಸಿಕ್ಕಿ ಕತ್ತರಿಸಿಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಅಗ್ಗದ ಇನ್ನೊಂದನ್ನು ತಂದೆ. ಅದು ಪಿನ್ನಿನ ಬುಡದಲ್ಲಿ ಸಡಿಲ. ಹಾಡು ಮೊದಲ ಚರಣದಲ್ಲಿ ಮಾಯವಾಗಿ ಕೊನೆಯ ಚರಣಕ್ಕೆ ಬರುತ್ತಿತ್ತು. ಹೊಸನಗರಕ್ಕೆ ಬಾಗಿಲ ಪಟ್ಟಿ ಕೊಡಲು ಹೋದಾಗ ಅಲ್ಲಿನ ರಿಪೇರಿಯವರು ಬೆಸುಗೆ ಹಾಕಿಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಹಾಕಿಕೊಂಡರೆ ಕೇಳಿದ್ದು ಎಂಜಿನ್ನು ಮಾತ್ರ. ಊರು ತಲುಪುವಷ್ಟರಲ್ಲಿ ಬೆಸುಗೆಯೂ ಬಿಟ್ಟಿತ್ತು.

ಮೂರನೆಯದನ್ನು ತೀರ್ಥಹಳ್ಳಿಯಲ್ಲಿ ಕೊಂಡೆ.

"ಎರಡು ಕಿವಿಗೂ ಬರೋದು ಇಲ್ವಾ?" ಎಂದು ಅಂಗಡಿಯವರನ್ನು ಕೇಳಿದೆ.

"ಎರಡು ಕಿವಿಗೆ ಬೇಕು ಅಂದ್ರೆ ಎರಡು ರೇಡಿಯೊ ತಗಳಿ ಮಾರಾಯ್ರೆ. ಇದ್ರಲ್ಲಿರೋದು ಒಂದೇ ತೂತು."

ಅವರಿಗೆ ತಮಾಷೆ. ನನ್ನ ಕಷ್ಟವೆಲ್ಲ ಇದ್ದದ್ದು ಆ ಇನ್ನೊಂದು ಕಿವಿಯಲ್ಲೇ. ಎಡಗಿವಿಯಲ್ಲಿ ಹಾಡು ನಡೆಯುತ್ತಿದ್ದರೂ ಬಲಗಿವಿ ತೆರೆದೇ ಇರುತ್ತಿತ್ತು. ಅದು ನನ್ನ ಒಂಟಿ ಕೊಡತಿಯನ್ನು ಬಿಡದೆ ಕೇಳುತ್ತಿತ್ತು. ಕೊನೆಗೆ ಬಲಗಿವಿಗೆ ಹತ್ತಿ ತುಂಬಿದೆ. ಮದುವೆಯ ಬಾಸಿಂಗಕ್ಕೆ ಬಳಸುವ ಹಗುರವಾದ ಮೆತ್ತನೆಯ ಬೆಂಡಿನ ಒಂದು ಚೂರನ್ನು ನನ್ನ ಕಿವಿಯ ಅಳತೆಗೆ ಕೆತ್ತಿ, ನಡುವೆ ತೂತು ಮಾಡಿ ಇಯರ್‌ಫೋನಿಗೆ ತೊಡಿಸಿದೆ. ಎಷ್ಟು ಬಗ್ಗಿದರೂ ಬೀಳಲಿಲ್ಲ. ಹೊರಗಿನ ಸದ್ದೂ ಬರಲಿಲ್ಲ. ಅರ್ಧ ಬಿಟ್ಟಿದ್ದ ಬಳ್ಳಿ ಮುಗಿಯಿತು. ಒಪ್ಪಿಕೊಂಡಿದ್ದ ಪೆಟ್ಟಿಗೆಗಳೂ ಒಂದೊಂದಾಗಿ ಮುಗಿದವು. ನಾಲ್ಕು ತಿಂಗಳು ಹೀಗೆ ನಡೆಯಿತು. ಪಿನ್ನು ಆಗಾಗ ಗೊರಗೊರ ಎನ್ನುತ್ತಿತ್ತು, ತಿರುಗಿಸಿ ಒತ್ತಿ ಬೈದುಕೊಂಡು ಕೂರುತ್ತಿದ್ದೆ. ಆದರೂ ಯಾರಿಗೂ ತಿಳಿಯದಂತೆ ನಡೆಸಿದ್ದೇನೆ ಎಂಬ ಸಮಾಧಾನವಿತ್ತು.

ಒಂದು ಮಧ್ಯಾಹ್ನ ಯಾರೋ ಭುಜ ಅಲುಗಿಸಿದರು. ಅತ್ತಿಗೆ. ಎರಡೂ ಕಿವಿಯಿಂದ ಅದನ್ನೂ ಇದನ್ನೂ ಕಿತ್ತೆ.

"ಎಂತ ಕಿವಿಯೋ ನಿಂದು? ಊಟಕ್ಕೆ ಮೂರು ಸಲ ಕರದೆ."

"ಅತ್ತಿಗೆ, ಇದು... ಮೆಲ್ಲಗೆ ಇಟ್ಕೊಂಡಿದ್ದೆ. ಹೊರಗೆ ಕೇಳ್ಸಲ್ಲ."

"ಅದು ಕೇಳ್ಸಲ್ಲ. ನೀನು ಹಾಡೋದು ಕೇಳ್ಸುತ್ತೆ."

"ನಾನಾ?"

"ಮತ್ಯಾರು? ನಾಕು ತಿಂಗಳಿಂದ ಹಾಡ್ತಾ ಇದೀಯಲ್ಲ. ಆಚೆ ಮನೆಯವ್ರು ಮೊನ್ನೆ ಬಾವಿ ಕಟ್ಟೇಲಿ ಕೇಳಿದ್ರು, ನಿಮ್ಮ ಮೈದುನಂಗೆ ಎಂತ ಆಗಿದೆ ಅಂತ."

ನನಗೆ ಮುಖ ಎತ್ತಲಾಗಲಿಲ್ಲ. ಎರಡು ಕಿವಿಯೂ ಮುಚ್ಚಿದ್ದವನಿಗೆ ತನ್ನ ದನಿ ಹೊರಗೆ ಹೋಗುವುದು ಹೇಗೆ ಗೊತ್ತಾಗಬೇಕು? ಅಷ್ಟು ದಿನ ರೇಡಿಯೊವನ್ನು ಅಡಗಿಸಿ, ನಾನೇ ಬಾಯಿಬಿಟ್ಟು ಬೀದಿಗೆಲ್ಲ ಹಾಡಿದ್ದೆ.

"ಮೊದಲೇ ಹೇಳಬಾರ್ದಿತ್ತಾ ಅತ್ತಿಗೆ?"

"ಹೇಳಿದ್ರೆ ನೀನು ಕೆಲಸ ಬಿಟ್ಟು ಮತ್ತೆ ಬೀದಿ ಸುತ್ತಕ್ಕೆ ಹೋಗ್ತಿದ್ದೆ." ಅವರೇ ಮುಂದುವರಿಸಿದರು. "ಹಾಡೋದಾದ್ರೂ ನೆಟ್ಟಗೆ ಹಾಡ್ತೀಯಾ? ಒಂದು ಸಾಲು, ನಾಕು ಏಟು, ಆಮೇಲೆ ಎಲ್ಲಿಂದಲೋ ಒಂದು 'ಊಂ'. ಅದು ಯಾವ ಹಾಡು ಅಂತ ತಲೆ ಕೆಡಿಸ್ಕೊಂಡು ಎಷ್ಟು ಹಾರ ಬಿಚ್ಚಿ ಕಟ್ಟಿದೀನಿ ಗೊತ್ತಾ? ತೆಗಿ ಆ ತಂತೀನ. ನಂಗೆ ಒಂದು ಹಾಡು ಪೂರ್ತಿ ಕೇಳ್ಬೇಕು."

"ಇನ್ನೂ ವರ್ಷ ಆಗ್ಲಿಲ್ವಲ್ಲ."

"ನಿಂಗೆ ಮಾತ್ರ ಆಗಿದ್ಯಾ?"

ಪಿನ್ನು ಕಿತ್ತೆ. ಸದ್ದಿಲ್ಲ. ರೇಡಿಯೊದ ಗುಂಡಿ ತಿರುಗಿಸಿದೆ, ಸೆಲ್ ತೆಗೆದು ಹಾಕಿದೆ, ತಟ್ಟಿದೆ. ಆ ತೂತಿನೊಳಗೆ ಒಂದು ತೆಳು ತಗಡು ಇರುತ್ತದೆ. ಪಿನ್ನು ಚುಚ್ಚಿದಾಗ ಅದು ಸರಿದು ಸ್ಪೀಕರನ್ನು ನಿಲ್ಲಿಸುತ್ತದೆ, ಕಿತ್ತಾಗ ಹಿಂದಕ್ಕೆ ಬರಬೇಕು. ತಿಂಗಳುಗಟ್ಟಲೆ ನಾನು ತಿರುಗಿಸಿ ಒತ್ತಿದ್ದಕ್ಕೆ ಅದು ಹಾಗೆಯೇ ಬಾಗಿ ನಿಂತಿತ್ತು. ಅಣ್ಣನ ರೇಡಿಯೊದ ದನಿಯನ್ನು ನಾನೇ ಹಾಳು ಮಾಡಿದ್ದೆ. ಸಿಟ್ಟಿಗೆ ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

"ಹಾಳಾಗ್ಲಿ, ಕೊಡು ಇಲ್ಲಿ," ಎಂದರು ಅತ್ತಿಗೆ.

ನಾನು ಪಿನ್ನನ್ನು ಮತ್ತೆ ಚುಚ್ಚಿದೆ. ಅವರು ಇಯರ್‌ಫೋನನ್ನು ಸೆರಗಿನಲ್ಲಿ ಒರೆಸಿ ಕಿವಿಗೆ ಇಟ್ಟುಕೊಂಡರು. ನನ್ನ ಕಿವಿಗೆ ಕೆತ್ತಿದ ಬೆಂಡು ಅವರಿಗೆ ಹೊಂದದೆ ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು. ತಂತಿ ಒಂದು ಮೊಳದಷ್ಟು. ರೇಡಿಯೊ ನನ್ನ ಜೇಬಿನಲ್ಲಿ. ನಿಂತೇ ಕೇಳಲಾಗದೆ ಅವರು ಅತ್ತಿತ್ತ ನೋಡಿ, ನನ್ನ ಎಡಕ್ಕಿದ್ದ ಮಣೆಯ ಮೇಲೆ ಕೂತರು. ಅಷ್ಟು ತಿಂಗಳಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ.

ಏನು ಮಾಡಬೇಕೆಂದು ತೋಚದೆ ನಾನು ಕೊಡತಿ ಎತ್ತಿಕೊಂಡೆ. ಎರಡು ಏಟು ಹಾಕಿದ್ದೆನೋ ಇಲ್ಲವೋ.

"ಸ್ವಲ್ಪ ನಿಲ್ಸು ಮಾರಾಯ. ಕೇಳ್ತಾ ಇಲ್ಲ."

ಕೊಡತಿ ಕೆಳಗಿಟ್ಟೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಹಾಡು ಯಾವುದೆಂದು ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಅದು ಮುಗಿಯುವವರೆಗೆ ನಾನು ಎರಡೂ ಕಿವಿ ತೆರೆದುಕೊಂಡು, ಒಂದು ಕೊಡತಿಯ ಸದ್ದೂ ಇಲ್ಲದ ಆ ಕೋಣೆಯಲ್ಲಿ ಎದ್ದು ಹೋಗದೆ ಕೂತಿದ್ದೆ.