ಹುಳುವಿನ ಶಜರಾ

ಲಿಂಗಸುಗೂರಿನ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಆ ಬೇಸಿಗೆ ರಜೆಗೆ ಹೆಡ್‌ಮಾಸ್ತರರ ಕೈಕಾಲು ಹಿಡಿದು ಶಾಲೆಯ ಸೂಕ್ಷ್ಮದರ್ಶಕವನ್ನು ಸಿಂಧನೂರಿನ ಮನೆಗೆ ತಂದಿದ್ದೆ. ತಿಪ್ಪೆಯ ಮಣ್ಣಿನಲ್ಲಿ ಕೂದಲಿಗಿಂತ ಸಣ್ಣ ಹುಳುಗಳಿರುತ್ತವೆ. ಮೈಯೆಲ್ಲ ಗಾಜು, ಒಳಗಿನ ತತ್ತಿಯೂ ಕಾಣುತ್ತದೆ. ತತ್ತಿಯ ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಯಾವುದು ಯಾವುದರ ಹೊಟ್ಟೆಯಿಂದ ಬಂತೆಂದು ಕಣ್ಣು ಕೀಳದೆ ನೋಡಿ ಬರೆಯಬೇಕು. ಹದಿನಾರರ ತನಕ ತಪ್ಪಿಲ್ಲದೆ ಬರೆದು ತಂದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆಂದು ಹೈದರಾಬಾದಿನ ನನ್ನ ಪ್ರೊಫೆಸರರು ಮಾತು ಕೊಟ್ಟಿದ್ದರು. ಶಾಲೆ ತೆರೆದರೆ ಯಂತ್ರ ವಾಪಸು ಹೋಗಬೇಕು. ನನಗಿದ್ದದ್ದು ಆ ಒಂದೇ ರಜೆ.

"ಹುಳಾ ನೋಡಾಕ ಇಷ್ಟು ಓದಿದೇನಪಾ?" ಎಂದು ಅಣ್ಣ ನಗುತ್ತಿದ್ದ. ನಗಲಿ ಎಂದು ಬಿಟ್ಟೆ.

ರಜೆ ಮುಗಿಯುವ ಹೊತ್ತಿಗೆ ಕತ್ತು ಹಿಡಿದಿತ್ತು, ಹಾಳೆ ತುಂಬಿತ್ತು. ಮೇಲೆ 'ತಾಯಿ' ಎಂದು ಬರೆದು ಗೆರೆ ಎಳೆದಿದ್ದೆ. ಕೆಳಗೆ 'ದೊಡ್ಡ ಮಗಳು', 'ಸಣ್ಣ ಮಗಳು'. ಒಡೆದ ಕೋಶಗಳನ್ನು ಹಾಗೆಯೇ ಕರೆಯುವುದು. ಒಂದು ತತ್ತಿಯಲ್ಲಿ ಸಣ್ಣ ಕೋಶ ಮಸುಕಾಗಿ ನಿಂತುಬಿಟ್ಟಿತ್ತು. ಅದರ ಪಕ್ಕ 'ಸತ್ತಳು' ಎಂದು ಬರೆದೆ. ಮೂಲೆಯಲ್ಲಿ ಮಣ್ಣು ತಂದ ಊರಿನ ಹೆಸರು, ಮಸ್ಕಿ.

ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಹೊಲ ನಮ್ಮಿಬ್ಬರ ಹೆಸರಿಗಾಗಲು ಕಚೇರಿಯವರು ಶಜರಾ, ಅಂದರೆ ಮನೆತನದ ವಂಶಾವಳಿ, ಕೇಳಿದ್ದರು. ಅಣ್ಣ ಅದನ್ನು ಕೊಟ್ಟು ಬಂದವನೇ ನನ್ನ ಮೇಜಿನ ಮೇಲಿನ ಹಾಳೆ ನೋಡಿದ. ಮುಖ ಕೆಂಪಾಯಿತು.

"ನನ್ನ ಬೆನ್ನ ಹಿಂದ ಇನ್ನೊಂದು ಶಜರಾ ಬರದೀಯೇನಲೇ? ಆ ಮಸ್ಕಿಯಾಕಿ ಮಕ್ಕಳಿಗೆ ಪಾಲು ಕೊಡಸಾಕ ನಿಂತೀಯೇನು?"

"ಅಣ್ಣಾ, ಅದು ಹುಳದ್ದು!"

"ನನ್ನ ಕಿವಿಮ್ಯಾಲ ಹೂ ಇಡಬ್ಯಾಡ."

ನಾನು ಕೈ ಹಿಡಿಯುವುದರೊಳಗೆ ಎಲ್ಲ ಹಾಳೆ ಒಲೆಯೊಳಗೆ ಹೋದವು. ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಮತ್ತೆ ಬರೆಯಲು ರಜೆ ಉಳಿದಿರಲಿಲ್ಲ. ಪ್ರೊಫೆಸರರು ಬೇರೆಯವನನ್ನು ಸೇರಿಸಿಕೊಂಡರು, ನಾನು ಮಾಸ್ತರನಾಗಿಯೇ ಸವೆದೆ.

ಅವತ್ತು ಹಾಳೆ ಉರಿದ ಮೇಲೆ ಅಣ್ಣ ನನ್ನನ್ನು ಪಡಸಾಲೆಗೆ ಎಳೆದುಕೊಂಡು ಬಂದ. ದನಿ ಇಳಿದಿತ್ತು.

"ಅಪ್ಪಗ ಅಲ್ಲೊಂದು ಮನಿ ಇದ್ದದ್ದು ನಿನಗ ಯಾರರ ಹೇಳಿರಬೇಕು, ಹೋಗ್ಲಿ. ಸಣ್ಣಾಕಿ ಸತ್ತದ್ದು ಹ್ಯಾಂಗ ಗೊತ್ತಾತು? ಈ ಮನಿಯಿಂದ ಅಕಿ ಮಣ್ಣಿಗೆ ಹೋದಾವ ನಾನೊಬ್ಬನ."

ಅವಳು ಹುಟ್ಟಿದ್ದೇ ನನಗೆ ಗೊತ್ತಿರಲಿಲ್ಲ.